ಮನೆಯ ಗಂಟನ್ನು ಬಿಚ್ಚಿ ಹಂಚಬೇಡಿ

ಕುಟುಂಬಗಳ ಹಳೆಯ ಪತ್ರ, ಕಾರ್ಡು, ಲೆಕ್ಕದ ಪುಸ್ತಕಗಳನ್ನು ಪಡೆದು ಕಾಯುತ್ತಿರುವ ಪತ್ರಾಗಾರ, ಗ್ರಂಥಾಲಯ ಹಾಗೂ ಸಂಶೋಧನ ಸಂಸ್ಥೆಗಳ ಮುಖ್ಯಸ್ಥರಿಗೆ,

ಮಾನ್ಯರೇ,

ನಾನು ಬಾಗಲಕೋಟೆಯ ನವನಗರದಲ್ಲಿ ವಾಸವಾಗಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಹನ್ನೊಂದು ವರ್ಷಗಳ ಹಿಂದೆ ನಮ್ಮ ಅಜ್ಜನ ಕಾಲದ 412 ಕಾಗದಗಳನ್ನು ಒಂದು ಸಂಸ್ಥೆಗೆ ಒಪ್ಪಿಸಿದ್ದೆ. ಕಳೆದ ವರ್ಷ ಅವುಗಳನ್ನು ನೋಡಿ ಬರೋಣವೆಂದು ಹೋದಾಗ ಅಲ್ಲಿ ಕಂಡದ್ದನ್ನು ತಮ್ಮ ಗಮನಕ್ಕೆ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಆ ಸಂಸ್ಥೆಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಅಲ್ಲಿದ್ದವರು ಕೆಟ್ಟವರಲ್ಲ, ನನ್ನನ್ನು ಕೂರಿಸಿ ಚಹಾ ಕೊಟ್ಟು ಮಾತಾಡಿಸಿದವರು. ಅಲ್ಲಿ ಆದದ್ದು ಬೇರೆಡೆಯೂ ಆಗಿದೆಯೆಂದು ನನ್ನಂತೆಯೇ ಕಾಗದ ಕೊಟ್ಟ ಇಬ್ಬರು ಮೂವರು ಪರಿಚಿತರಿಂದ ಕೇಳಿದ ಮೇಲೆ, ಒಬ್ಬರ ಹೆಸರು ಹಿಡಿದು ದೂರುವುದಕ್ಕಿಂತ ಈ ಕೆಲಸದಲ್ಲಿರುವ ಎಲ್ಲರಿಗೂ ಸೇರಿಸಿ ಬರೆಯುವುದೇ ಸರಿ ಎನಿಸಿತು.

ಮೊದಲು ಆ ಕಾಗದಗಳ ವಿಷಯ. ನಮ್ಮ ಅಜ್ಜ ಹಳೆಯ ಬಾಗಲಕೋಟೆಯ ಪೇಟೆಯಲ್ಲಿ ಗುಳೇದಗುಡ್ಡದ ಖಣ ಮತ್ತು ಇಳಕಲ್ಲ ಸೀರೆಗಳ ವ್ಯಾಪಾರ ಮಾಡುತ್ತಿದ್ದರು. ಅವರಿಗೆ ಬಂದ ಕಾರ್ಡುಗಳನ್ನು ಓದಿ ಮುಗಿದ ಕೂಡಲೆ, ಅಂಗಡಿಯ ಗೋಡೆಗೆ ತೂಗುಬಿಟ್ಟಿದ್ದ ಕೊಕ್ಕೆಯ ತಂತಿಗೆ ಚುಚ್ಚಿಬಿಡುತ್ತಿದ್ದರು. ಐವತ್ತು ವರ್ಷ ದಾಟಿದವರೆಲ್ಲ ಇಂಥ ತಂತಿಯನ್ನು ಯಾವುದಾದರೊಂದು ಅಡತಿ ಅಂಗಡಿಯಲ್ಲೋ ತಮ್ಮ ಮನೆಯಲ್ಲೋ ನೋಡಿಯೇ ಇರುತ್ತಾರೆ. ತಂತಿ ತುಂಬಿದಾಗ ಅಜ್ಜ ಅದನ್ನು ಇಳಿಸಿ, ಕಾರ್ಡುಗಳ ನಡುವಿನ ಅದೇ ತೂತಿನಲ್ಲಿ ಸುತಳಿ ಪೋಣಿಸಿ ಗಂಟು ಹಾಕಿ, ಕೆಂಪು ರುಮಾಲಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಡುತ್ತಿದ್ದರು. ಹೀಗಾಗಿ ಪ್ರತಿ ಕಾರ್ಡಿನ ಹೊಟ್ಟೆಯಲ್ಲೂ ಒಂದು ತೂತು; ಆ ತೂತಿಗೆ ಒಂದೆರಡು ಅಕ್ಷರ ಬಲಿಯಾಗಿರುವುದೂ ನಿಜ. ಆದರೆ ಯಾವ ಕಾರ್ಡಿನ ಮೇಲೆ ಯಾವ ಕಾರ್ಡು ಬಂದು ಕೂತಿತು, ಯಾವುದು ಮೊದಲು ಮುಟ್ಟಿತು, ಯಾವುದು ಆಮೇಲೆ ಎಂಬ ಕ್ರಮವನ್ನು ನೂರು ವರ್ಷ ಕಾಯ್ದಿಟ್ಟದ್ದೂ ಅದೇ ತೂತು, ಅದೇ ಸುತಳಿ.

ಈ ಕ್ರಮಕ್ಕೆ ಏಕೆ ಇಷ್ಟು ಬೆಲೆ ಕೊಡುತ್ತೇನೆಂದರೆ, ಆಗಿನ ನಮ್ಮವರು ಪತ್ರದಲ್ಲಿ ಇಸವಿ ಬರೆಯುತ್ತಿದ್ದುದು ಕಡಿಮೆ. ಮೇಲೆ ಶ್ರೀಕಾರ, ಅದರ ಕೆಳಗೆ “ಮಿತಿ ಶ್ರಾವಣ ಶುದ್ಧ ಪಂಚಮಿ”, ಆಮೇಲೆ “ಉಭಯ ಕುಶಲೋಪರಿ ಸಾಂಪ್ರತ” ಎಂದು ನೇರವಾಗಿ ವಿಷಯಕ್ಕೆ ಇಳಿಯುತ್ತಿದ್ದರು. ಯಾವ ವರ್ಷದ ಶ್ರಾವಣ ಎಂಬುದು ಬರೆದವರಿಗೂ ಓದುವವರಿಗೂ ಗೊತ್ತಿತ್ತು. ನಮಗೆ ಗೊತ್ತಾಗಬೇಕಾದರೆ ವಿಳಾಸದ ಬದಿಗಿರುವ ಅಂಚೆಯ ಮುದ್ರೆಯನ್ನೇ ನೋಡಬೇಕು. ಆ ಮುದ್ರೆಯೂ ಮಸಿ ಹರಡಿ ಅಳಿಸಿದ್ದರೆ ಮುದ್ರಿತ ಅಂಚೆದರ ಸ್ವಲ್ಪ ದಾರಿ ತೋರಿಸುತ್ತದೆ. 1879ರ ಜುಲೈ 1ರಂದು ಈ ದೇಶದಲ್ಲಿ ಅಂಚೆಕಾರ್ಡು ಬಂದಾಗ ಅದರ ಬೆಲೆ ಕಾಲಾಣೆ. ನಾಲ್ಕು ದಶಕ ಹಾಗೆಯೇ ಇದ್ದು 1922ರಲ್ಲಿ ಅರ್ಧ ಆಣೆಯಾಯಿತು. ನಮ್ಮ ಗಂಟಿನಲ್ಲೇ ಗುಳೇದಗುಡ್ಡದ ನೇಕಾರರೊಬ್ಬರು, ಸರಕಾರ ಕಾರ್ಡಿನ ದರ ಇಮ್ಮಡಿ ಮಾಡಿದ್ದರಿಂದ ಇನ್ನು ಮುಂದೆ ಎರಡು ಪತ್ರದ ಸುದ್ದಿಯನ್ನು ಒಂದರಲ್ಲೇ ಬರೆಯುವೆನೆಂದು ಹೇಳಿ, ಹಾಗೆಯೇ ಇರುವೆ ಸಾಲಿನಂಥ ಅಕ್ಷರದಲ್ಲಿ ಅಂಚುಗಳಲ್ಲೂ ಬರೆದು ತುಂಬಿಸಿದ ಕಾರ್ಡೊಂದಿತ್ತು. ಇವೆರಡೂ ದಾರಿ ಮುಚ್ಚಿದಾಗ ಉಳಿಯುವುದು ಸುತಳಿಯ ಕ್ರಮ ಒಂದೇ: ಹಿಂದಿನ ಕಾರ್ಡಿನ ವರ್ಷ ಗೊತ್ತಿದ್ದು ಮುಂದಿನ ಕಾರ್ಡಿನ ವರ್ಷವೂ ಗೊತ್ತಿದ್ದರೆ ನಡುವಿನದು ತಾನಾಗಿಯೇ ತಿಳಿಯುತ್ತದೆ.

ಆ 412ರಲ್ಲಿ 14 ಕಾರ್ಡುಗಳು ನಮ್ಮ ಅಜ್ಜನ ತಂಗಿಯವು. ಅವರನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದರು; ಗಂಡ ಗಿರಣಿಯಲ್ಲಿ ಕೆಲಸಕ್ಕಿದ್ದವರು ಬೇಗನೆ ತೀರಿಕೊಂಡರು. ಆ ಬಳಿಕ ಅವರು ಅಣ್ಣನಿಗೆ ಬರೆದ, ಅಂದರೆ ಬರೆಸಿದ ಕಾರ್ಡುಗಳಿವು. ಮೊದಲ ಎಂಟು ಕಾರ್ಡುಗಳಲ್ಲಿ ಕೈಬರಹ ಒಂದೇ ತೆರನಾಗಿಲ್ಲ. ಒಂದು ಯಾರೋ ಮಾಸ್ತರರ ದುಂಡಕ್ಷರ, ಎರಡು ಮೋಡಿಯಲ್ಲಿ, ಅಂದರೆ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಓಡುಬರಹದ ಲಿಪಿಯಲ್ಲಿ, ಉಳಿದವು ಶಾಲೆಗೆ ಹೋಗುವ ನೆರೆಮನೆಯ ಹುಡುಗರದು. ಎಲ್ಲದರಲ್ಲೂ “ತೀರ್ಥರೂಪ ಸಮಾನ ಅಣ್ಣನವರ ಸನ್ನಿಧಿಗೆ ಶಿರಸಾಷ್ಟಾಂಗ ನಮಸ್ಕಾರಗಳು” ಎಂಬ ಬರೆಯುವವರ ಮಾತೇ ಹೊರತು ಆ ತಾಯಿಯ ಮಾತು ಕೇಳಿಸುವುದಿಲ್ಲ. ಒಂಬತ್ತನೆಯದರ ಕೆಳಗೆ ಮಾತ್ರ ಯಾರದೋ ಅಚ್ಚುಕಟ್ಟಾದ ಅಕ್ಷರದ ಪಕ್ಕದಲ್ಲಿ ಸೊಟ್ಟಗೆ, ದಪ್ಪಗೆ, ಪೆನ್ಸಿಲನ್ನು ಒತ್ತಿ ಬರೆದ ಹೆಸರೊಂದು ಕಾಣುತ್ತದೆ. ಹತ್ತನೆಯದರಲ್ಲೂ ಅಷ್ಟೇ. ಹನ್ನೊಂದನೆಯ ಕಾರ್ಡು ಪೂರ್ತಿ ಅದೇ ಸೊಟ್ಟ ಅಕ್ಷರದಲ್ಲಿದೆ. ಅದರಲ್ಲಿ ಶ್ರೀಕಾರವಿಲ್ಲ, ಮಿತಿಯಿಲ್ಲ, ಕುಶಲೋಪರಿಯೂ ಇಲ್ಲ. “ಅಣ್ಣಾಗ ನಮಸ್ಕಾರ. ಇದನ್ನ ನಾನ ಬರದೇನಿ, ಯಾರ ಕಡಿಂದನೂ ಬರಸಿಲ್ಲ” ಎಂದು ಆರಂಭ.

ಹತ್ತು ಹನ್ನೆರಡು ವರ್ಷಗಳ ಅವಧಿಯಲ್ಲಿ, ಯಾವ ಶಾಲೆಯ ಹಾಜರಿ ಪುಸ್ತಕದಲ್ಲೂ ಹೆಸರಿಲ್ಲದ ಒಬ್ಬ ವಿಧವೆ ಅಕ್ಷರ ಕಲಿತ ಸಂಗತಿಯನ್ನು ಆ 14 ಕಾರ್ಡುಗಳು ಹೇಳುತ್ತಿದ್ದವು. ಬಿಡಿಯಾಗಿ ನೋಡಿದರೆ ಅವುಗಳಲ್ಲಿ ಒಂದಕ್ಕೂ ಬೆಲೆಯಿಲ್ಲ. ಒಂದು ಮಗುವಿನ ಜ್ವರದ ಸುದ್ದಿ, ಒಂದು ಜೋಳದ ಧಾರಣೆ, ಒಂದು ಪಂಚಮಿಗೆ ಕರೆಯಲು ಯಾಕೆ ಬರಲಿಲ್ಲವೆಂಬ ಆಕ್ಷೇಪ. ಸಾಲಾಗಿ ಇಟ್ಟಾಗ ಮಾತ್ರ ಅವು ದಾಖಲೆಯಾಗುತ್ತವೆ. ತಮ್ಮ ಮುಂದೆ ಇಡಬೇಕೆಂದಿರುವ ಮುಖ್ಯ ಮಾತು ಇದೇ.

ಇನ್ನು ಒಪ್ಪಿಸಿದ ಬಗೆ. ಟ್ರಂಕನ್ನು ಬಸ್ಸಿನಲ್ಲಿ ನಾನೇ ಒಯ್ದೆ. ಸಂಸ್ಥೆಯವರು ಸಣ್ಣ ಸಮಾರಂಭವನ್ನೇ ಏರ್ಪಡಿಸಿದ್ದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಟ್ರಂಕಿನ ಜತೆಗೆ ನನ್ನ ಫೋಟೋ ತೆಗೆದರು. ಕೊಡಲು ಮರೆತದ್ದು ರಶೀದಿಯೊಂದನ್ನೇ. ಕೇಳಲು ನನಗೂ ಸಂಕೋಚವಾಯಿತು. ಶಾಲು ಹೊದಿಸಿದವರ ಎದುರು ರಶೀದಿ ಕೇಳುವುದು ಹೇಗೆ? ಆ ಸಂಕೋಚ ನನ್ನ ತಪ್ಪು, ಅದನ್ನು ಒಪ್ಪಿಕೊಳ್ಳುತ್ತೇನೆ. ಮಾಸ್ತರಿಕೆಯ ಚಾಳಿಯಿಂದ ಮನೆಯಲ್ಲಿಯೇ ಎಲ್ಲವನ್ನೂ ಎಣಿಸಿ, ನೂರು ಪುಟದ ನೋಟುಪುಸ್ತಕದಲ್ಲಿ ಕ್ರಮಸಂಖ್ಯೆ ಹಾಕಿ ಬರೆದಿಟ್ಟುಕೊಂಡಿದ್ದೆ. ಇಂದು ಈ ಪತ್ರ ಬರೆಯಲು ನನಗಿರುವ ಆಧಾರ ಆ ಪುಸ್ತಕವೊಂದೇ.

ಕಳೆದ ವರ್ಷ ಹೋದಾಗ ಮೊಗಸಾಲೆಯ ಗಾಜಿನ ಪೆಟ್ಟಿಗೆಯೊಳಗೆ ನಮ್ಮ ಗಂಟಿನ ಒಂದು ಕಾರ್ಡನ್ನು ಪ್ರದರ್ಶನಕ್ಕೆ ಇಟ್ಟಿದ್ದರು. ಸ್ವಾತಂತ್ರ್ಯ ಹೋರಾಟದ ಒಬ್ಬ ಪ್ರಸಿದ್ಧ ನಾಯಕರು ಅಜ್ಜನಿಗೆ ಬರೆದ ಎರಡೇ ಸಾಲಿನ ಕಾರ್ಡು ಅದು: ಖಾದಿಯ ಥಾನು ಮುಟ್ಟಿದೆ, ಹಣ ಮುಂದಿನ ವಾರ. ಅದಕ್ಕೆ ಸಿಕ್ಕ ಮರ್ಯಾದೆ ನೋಡಿ ಮೊದಲು ಹೆಮ್ಮೆಯೇ ಆಯಿತು. ಹತ್ತಿರ ಹೋಗಿ ನೋಡಿದರೆ ಕಾರ್ಡನ್ನು ರಟ್ಟಿಗೆ ಅಂಟು ಹಚ್ಚಿ ಮೆತ್ತಿದ್ದಾರೆ, ನಾಲ್ಕೂ ಮೂಲೆಗೆ ಸೆಲ್ಲೊಟೇಪು ಬಡಿದಿದ್ದಾರೆ, ಮೇಲೆ ಇಡೀ ದಿನ ಉರಿಯುವ ಟ್ಯೂಬ್‌ಲೈಟು. ನಾನು ಕೊಡುವಾಗ ಕಡುನೀಲಿಯಾಗಿದ್ದ ಮಸಿ ಈಗ ನೀರು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದೆ. ಕೆಳಗಿನ ಚೀಟಿಯಲ್ಲಿ “ಸುಮಾರು 1930” ಎಂದು ಬರೆದಿದೆ. ಅದರ ಸರಿಯಾದ ತಾರೀಖು 1937ರ ಮೇ ತಿಂಗಳದು. ಗಾಂಧೀಜಿಯವರು ಬೆಳಗಾವಿ ಜಿಲ್ಲೆಯ ಹುದಲಿಗೆ ಬಂದು ಹೋದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ; ಖಾದಿಯ ಮಾತಿಗೆ ಈ ಭಾಗದಲ್ಲಿ ಹೊಸ ಹುರುಪು ಬಂದಿದ್ದ ಹೊತ್ತಿನಲ್ಲಿ ಬರೆದ ಕಾರ್ಡು ಅದು. ತಾರೀಖು ಎಲ್ಲಿತ್ತೆಂದರೆ ಹಿಂಬದಿಯ ಅಂಚೆ ಮುದ್ರೆಯಲ್ಲಿ. ಆ ಹಿಂಬದಿ ಈಗ ರಟ್ಟಿಗೆ ಅಂಟಿಕೊಂಡಿದೆ.

ಉಳಿದವು ಎಲ್ಲಿ ಎಂದು ಕೇಳಿದೆ. ಅಲ್ಲಿನ ಸಿಬ್ಬಂದಿಯೊಬ್ಬರು, ಒಳ್ಳೆಯ ಹುಡುಗ, ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. “ಮಹತ್ವದ್ದನ್ನೆಲ್ಲಾ ತೆಗೆದು ಇಟ್ಟೀವ್ರೀ ಸರ್. ಉಳದದ್ದು ಬರೇ ಮನಿ ಸುದ್ದಿ” ಎಂದು ಹೇಳುತ್ತ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಚೀಲವೊಂದನ್ನು ತೋರಿಸಿದರು. ಸುತಳಿ ಕತ್ತರಿಸಿತ್ತು. ಕೆಂಪು ರುಮಾಲು ಇರಲಿಲ್ಲ. ವ್ಯಾಪಾರದ ಕಾಗದಗಳನ್ನು “ಆರ್ಥಿಕ ಇತಿಹಾಸ” ಎಂಬ ಫೈಲಿಗೆ, ಮೋಡಿಯವನ್ನು “ಮರಾಠಿ” ಎಂಬ ಫೈಲಿಗೆ ಸೇರಿಸಿದ್ದರು. ಆ ಮೋಡಿಯ ಕಾಗದಗಳಲ್ಲಿ ಕೆಲವು ಭಾಷೆಯಲ್ಲಿ ಕನ್ನಡವೇ, ಲಿಪಿ ಮಾತ್ರ ಮೋಡಿ ಎಂಬುದು ಯಾರಿಗೂ ಗೊತ್ತಾಗಿರಲಿಲ್ಲ. ಚೀಲದಲ್ಲಿದ್ದುದನ್ನು ನೆಲದ ಮೇಲೆ ಹರವಿ ಮಧ್ಯಾಹ್ನವೆಲ್ಲ ಎಣಿಸಿದೆ. ಫೈಲುಗಳದ್ದೂ ಸೇರಿಸಿ 267 ಸಿಕ್ಕವು. ಹಲವು ಕಾರ್ಡುಗಳಲ್ಲಿ ರಾಜನ ತಲೆಯಿದ್ದ ಮೂಲೆಯನ್ನು ಯಾರೋ ಕತ್ತರಿಯಿಂದ ನೀಟಾಗಿ ಕತ್ತರಿಸಿಕೊಂಡಿದ್ದರು, ಅದರ ಜತೆಗೇ ಮುದ್ರೆಯೂ ತಾರೀಖೂ ಹೋಗಿವೆ. ಒಂದು ಮಳೆಗಾಲ ಚೀಲದೊಳಗೆ ನೀರೂ ಇಳಿದಿರಬೇಕು. ಆ ಕಾಲದ ಕಾಪಿಯಿಂಗ್ ಪೆನ್ಸಿಲ್‌ನಲ್ಲಿ ಬರೆದದ್ದೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಒಂದರಿಂದ ಇನ್ನೊಂದಕ್ಕೆ ಹತ್ತಿಕೊಂಡಿತ್ತು. ಸೊಲ್ಲಾಪುರದ ಅಜ್ಜಿಯ 14ರಲ್ಲಿ ಉಳಿದದ್ದು ಐದು. “ಇದನ್ನ ನಾನ ಬರದೇನಿ” ಎಂಬ ಕಾರ್ಡು ಅದರಲ್ಲಿಲ್ಲ.

ಏಳನೆಯದೂ ಇಲ್ಲ. ಅದನ್ನು ನೆರೆಮನೆಯ ಹುಡುಗನೊಬ್ಬ ಬರೆದುಕೊಟ್ಟಿದ್ದ. ಪೇಟೆ ಬಂದಾಗಿದೆ, ರಸ್ತೆಯ ತುಂಬ ಗೋರಾ ಸಿಪಾಯಿಗಳು, ನೀರಿಗೂ ಹೊರಗೆ ಹೋಗುವಂತಿಲ್ಲ, ಮಕ್ಕಳನ್ನು ನಿನ್ನ ಕಡೆಗೆ ಕಳಿಸಲೇ ಎಂದು ಅದರಲ್ಲಿ ಕೇಳಿತ್ತು. ಮುದ್ರೆ 1930ರ ಮೇ ತಿಂಗಳದು. ಆ ಮೇ ತಿಂಗಳಲ್ಲಿ ಬ್ರಿಟಿಷರು ಸೊಲ್ಲಾಪುರದಲ್ಲಿ ಮಾರ್ಶಲ್ ಲಾ ಹೇರಿದ್ದರೆಂಬುದು ಇತಿಹಾಸ ಓದಿದ ಯಾರಿಗೂ ಗೊತ್ತಿರುವ ಸಂಗತಿ. ಆ ದಿನಗಳಲ್ಲಿ ಒಂದು ಕನ್ನಡ ಮನೆಯೊಳಗೆ ನೀರಿಗೆ ಏನು ಮಾಡಿದರೆಂದು ಹೇಳುವ ಕಾಗದ, “ಬರೇ ಮನಿ ಸುದ್ದಿ” ಎಂಬ ವರ್ಗಕ್ಕೆ ಸೇರಿ ಕಳೆದುಹೋಯಿತು.

ಮಾನ್ಯರೇ, ಮಹತ್ವದ್ದು ಯಾವುದು, ಮನೆಸುದ್ದಿ ಯಾವುದು ಎಂದು ಕಾಗದ ಕೈಗೆ ಬಂದ ದಿನವೇ ಆರಿಸುವ ಅಧಿಕಾರ ಕಾಯುವವರಿಗೆ ಇರಬಾರದೆಂಬುದು ನನ್ನ ವಾದ. ಗಾಂಧೀಜಿಯವರ ಬರಹಗಳನ್ನು 1958ರಿಂದ 1994ರವರೆಗೆ 100 ಇಂಗ್ಲಿಷ್ ಸಂಪುಟಗಳಲ್ಲಿ ತರಲು ಸಾಧ್ಯವಾದದ್ದು, ಅವರಿಂದ ಎರಡು ಸಾಲಿನ ಕಾರ್ಡು ಪಡೆದ ಸಾವಿರಾರು ಸಾಮಾನ್ಯ ಜನ ಅದನ್ನು ಎಸೆಯದೆ ಇಟ್ಟುಕೊಂಡದ್ದರಿಂದ. ಮಲಬದ್ಧತೆಗೆ ಏನು ತಿನ್ನಬೇಕು, ಚರಕದ ಕದಿರು ಹೇಗೆ ನೆಟ್ಟಗೆ ಮಾಡಬೇಕು ಎಂಬಂಥ ಮಾತುಗಳೂ ಅವುಗಳಲ್ಲಿವೆ. ಮನೆಸುದ್ದಿಯೆಂದು ಜನ ಅದನ್ನು ಬಿಸಾಡಲಿಲ್ಲ. ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತದ ಸಿಪಾಯಿಗಳು ಊರಿಗೆ ಬರೆದ ಪತ್ರಗಳನ್ನು ಸೇನೆಯ ಸೆನ್ಸಾರ್ ಕಚೇರಿ ಓದಿ, ತನಗೆ ಬೇಕಾದ ಭಾಗಗಳನ್ನು ಇಂಗ್ಲಿಷಿಗೆ ಇಳಿಸಿ ವರದಿ ಮಾಡುತ್ತಿತ್ತು. ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇರುವುದು ಆ ಇಂಗ್ಲಿಷ್ ತುಣುಕುಗಳು. ಸಿಪಾಯಿಯ ಸ್ವಂತ ಭಾಷೆಯ ಮೂಲ ಕಾಗದಗಳು ಬಹುಮಟ್ಟಿಗೆ ಇಲ್ಲವಾಗಿವೆ. ಆರಿಸುವವನಿಗೆ ಬೇಕಾದದ್ದು ಉಳಿಯಿತು, ಬರೆದವನದು ಉಳಿಯಲಿಲ್ಲ. ನಮ್ಮ ಬೆಳಗಾವಿಯಲ್ಲಿ 1922ರಿಂದ ಮರಾಠಾ ರೆಜಿಮೆಂಟಿನ ಕೇಂದ್ರವಿದೆ. ಸುತ್ತಲಿನ ಹಳ್ಳಿಗಳಿಂದ ಸೈನ್ಯಕ್ಕೆ ಹೋದವರ ಮನೆಗಳ ಮಾಳಿಗೆಯಲ್ಲಿ, ಸೆನ್ಸಾರಿನ ಮುದ್ರೆ ಬಿದ್ದ ಮೂಲ ಕಾಗದಗಳು ಇನ್ನೂ ಇದ್ದರೆ ಆಶ್ಚರ್ಯವಿಲ್ಲ. ಅವುಗಳನ್ನು ಕೇಳಿಕೊಂಡು ಯಾರಾದರೂ ಹೋಗಿದ್ದಾರೆಯೇ?

ಹೋಗಿ ಕೇಳುವುದೆಂದರೆ ಏನೆಂಬುದನ್ನು ಈ ಭಾಗದವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿಜಯಪುರದಲ್ಲಿ ವಕೀಲಿಕೆ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಊರೂರು ಸುತ್ತಿ, ಮನೆಗಳ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡೋಲೆಯ ಕಟ್ಟುಗಳನ್ನು ಕೇಳಿ ಪಡೆದು, ಓದಿ, ನಕಲು ಮಾಡಿ, 1923ರಲ್ಲಿ ವಚನಗಳನ್ನು ಅಚ್ಚಿಗೆ ತಂದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಅವರು ಕಟ್ಟು ಬಿಚ್ಚಿ, ಇದು ದೊಡ್ಡ ಶರಣರದ್ದು ಇರಲಿ, ಇದು ಕಾಯಕದವರದ್ದು ಹೋಗಲಿ ಎಂದಿದ್ದರೆ ಅಂಬಿಗರ, ಮಡಿವಾಳರ, ಸೂಳೆಯರ ವಚನಗಳು ನಮಗೆ ಎಲ್ಲಿ ಸಿಗುತ್ತಿದ್ದವು?

ಕಾಗದ ನಮ್ಮ ಕೈತಪ್ಪುವುದೇನೂ ಹೊಸದಲ್ಲ. ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆ ಈ ಮೂರೂ ಜಿಲ್ಲೆಗಳು 1956ರವರೆಗೆ ಮುಂಬೈ ಸರಕಾರದ ಆಡಳಿತದಲ್ಲಿ ಇದ್ದುದರಿಂದ ನಮ್ಮ ಹಿಂದಿನವರ ಸರಕಾರಿ ಕಾಗದಗಳ ದೊಡ್ಡ ಪಾಲು ಮುಂಬೈಯ ದಫ್ತರದಲ್ಲಿದೆ. ಅದಕ್ಕೂ ಹಿಂದಿನದು ಬೇಕಾದರೆ ಪುಣೆಯ ಪೇಶವೆ ದಫ್ತರದ ಮೋಡಿ ರುಮಾಲುಗಳನ್ನು ಬಿಚ್ಚಬೇಕು. ಕಲಾದಗಿ ಜಿಲ್ಲೆಯೆಂದು ಇದ್ದದ್ದು 1885ರಲ್ಲಿ ವಿಜಾಪುರಕ್ಕೆ ಹೋಯಿತು, 1997ರಲ್ಲಿ ಬಾಗಲಕೋಟೆ ಬೇರೆಯಾಯಿತು. ಜಮಖಂಡಿ, ಮುಧೋಳ, ರಾಮದುರ್ಗದ ಸಂಸ್ಥಾನಗಳು 1948ರಲ್ಲಿ ವಿಲೀನವಾದವು. ಕಚೇರಿ ಸ್ಥಳ ಬದಲಿಸಿದಾಗೆಲ್ಲ ಒಂದಿಷ್ಟು ದಫ್ತರ ದಾರಿಯಲ್ಲಿ ಉದುರುತ್ತದೆ. ಇಂಥ ಸೀಮೆಯಲ್ಲಿ ಊರಿನ ನೆನಪು ಉಳಿದಿರುವುದು ಬಹುಪಾಲು ಮನೆಗಳ ಟ್ರಂಕುಗಳಲ್ಲಿ. ಅವನ್ನು ಪಡೆಯಲು ಕಾನೂನಿನ ಅಡ್ಡಿಯೂ ಇಲ್ಲ: ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮವೇ, ಐತಿಹಾಸಿಕ ಮಹತ್ವದ ಖಾಸಗಿ ಕಾಗದಗಳನ್ನು ಪತ್ರಾಗಾರವು ಕೊಡುಗೆಯಾಗಿಯೋ ಕ್ರಯಕ್ಕೋ ಪಡೆಯಬಹುದೆಂದು ಹೇಳುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರವು 1960ರ ದಶಕದಿಂದ, ಭಾರತದಲ್ಲಿ ನೌಕರಿ ಮಾಡಿ ಮರಳಿದ ಆಂಗ್ಲರ ಕುಟುಂಬಗಳಿಂದ ಹೆಂಗಸರ ಮನೆವಾರ್ತೆಯ ಪತ್ರಗಳನ್ನೂ ಬಿಡದೆ ಕೇಳಿ ಪಡೆದು, ಕುಟುಂಬವಾರು ಕಟ್ಟಿ, ಪಟ್ಟಿ ಮಾಡಿ ಇಟ್ಟಿದೆ. ಅಂದರೆ ನಮ್ಮ ಜಿಲ್ಲೆಗಳನ್ನು ಆಳಿದ ಸಾಹೇಬರ ಹೆಂಡಂದಿರು ಅಡಿಗೆಯವನ ಮೇಲೆ ಮಾಡಿದ ದೂರು ಸಹ ಭದ್ರವಾಗಿ ಉಳಿಯಬಲ್ಲದು, ಆಳಿಸಿಕೊಂಡವರ ಕಾರ್ಡು ಪ್ಲಾಸ್ಟಿಕ್ ಚೀಲದಲ್ಲಿ. ಇದನ್ನು ಬರೆಯುವಾಗ ಸ್ವಲ್ಪ ಸಿಟ್ಟು ಬಂದಿದ್ದರೆ ತಾವು ಕ್ಷಮಿಸಬೇಕು.

ತಮ್ಮಲ್ಲಿ ನನ್ನ ಕೋರಿಕೆಗಳು ದೊಡ್ಡ ಖರ್ಚಿನವಲ್ಲ. ಯಾವುದೇ ಕುಟುಂಬ ಕಾಗದ ತಂದು ಕೊಟ್ಟ ದಿನವೇ, ಕೊಟ್ಟವರ ಎದುರಿನಲ್ಲೇ ಎಣಿಸಿ, ಸಂಖ್ಯೆ ಬರೆದ ರಶೀದಿಗೆ ಮೊಹರು ಹಾಕಿ ಕೊಡಿ, ಶಾಲು ಬೇಡ. ಗಂಟನ್ನು ಬಂದ ಹಾಗೆಯೇ ಇಡಿ, ಸುತಳಿ ಬಿಚ್ಚಲೇಬೇಕಾದರೆ ಬಿಚ್ಚುವ ಮೊದಲು ಪ್ರತಿಯೊಂದರ ಹಿಂದೆ ಸೀಸದ ಪೆನ್ಸಿಲ್‌ನಿಂದ ಮೆಲ್ಲಗೆ ಕ್ರಮಸಂಖ್ಯೆ ಹಾಕಿ. ವಿಷಯ, ಭಾಷೆ, ಪ್ರಸಿದ್ಧಿ ಎಂದು ವಿಂಗಡಿಸುವ ಆಸೆಯಿದ್ದರೆ ಪಟ್ಟಿಯಲ್ಲಿ ವಿಂಗಡಿಸಿ. ಪಟ್ಟಿಯನ್ನು ಹತ್ತು ಬಗೆಯಲ್ಲಿ ಮಾಡಬಹುದು, ಗಂಟನ್ನು ಒಮ್ಮೆ ಒಡೆದರೆ ಮತ್ತೆ ಕಟ್ಟಲಾಗದು. ಆ ಪಟ್ಟಿಯ ಒಂದು ಪ್ರತಿ ವರ್ಷದೊಳಗೆ ಕುಟುಂಬಕ್ಕೆ ಮುಟ್ಟಲಿ.

ಅಂಟು, ಸೆಲ್ಲೊಟೇಪು, ಸ್ಟೇಪ್ಲರ್ ಪಿನ್ನು, ಪ್ಲಾಸ್ಟಿಕ್ ಲ್ಯಾಮಿನೇಶನ್ ಇವು ಕಾಗದದ ಹತ್ತಿರ ಸುಳಿಯಬಾರದು. ಲ್ಯಾಮಿನೇಶನ್ ಮಾಡಿಸಿದರೆ ಭದ್ರವೆಂಬ ಭ್ರಮೆ ಮನೆಗಳಲ್ಲೂ ಇದೆ. ಬಿಸಿ ಕೊಟ್ಟು ಮೆತ್ತಿದ ಪ್ಲಾಸ್ಟಿಕ್ಕನ್ನು ಮುಂದೆ ತೆಗೆಯಲು ಹೋದರೆ ಅಕ್ಷರವೇ ಎದ್ದು ಬರುತ್ತದೆ. ಆಮ್ಲರಹಿತ ಕಾಗದದ ಲಕೋಟೆ, ನೆಲದಿಂದ ಎತ್ತರದಲ್ಲಿ ಇಟ್ಟ ರಟ್ಟಿನ ಪೆಟ್ಟಿಗೆ, ಸೋರದ ಕೋಣೆ ಇಷ್ಟಿದ್ದರೆ ಸಾಕು. ಪ್ರದರ್ಶನಕ್ಕೆ ಮೂಲವನ್ನು ಇಡದೆ ಒಳ್ಳೆಯ ನಕಲನ್ನು ಇಡಿ. ಸ್ಕ್ಯಾನ್ ಮಾಡುವಾಗ ಎರಡೂ ಬದಿ ಮಾಡಿ, ವಿಳಾಸದ ಬದಿಯನ್ನು ಬರಿದೆಂದು ಬಿಡಬೇಡಿ. ಅದರಲ್ಲಿರುವ “ಮು. ಪೋ., ತಾ., ಜಿ. ವಿಜಾಪುರ” ಎಂಬ ಒಂದು ಸಾಲು, ಎರಡು ಮುದ್ರೆಗಳು, ಒಂದು ಕಾರ್ಡು ಹೊರಟ ಊರು, ಮುಟ್ಟಿದ ಊರು, ನಡುವೆ ಹಿಡಿದ ದಿನಗಳನ್ನೆಲ್ಲ ಹೇಳುತ್ತವೆ.

ಮೋಡಿ ಓದಬಲ್ಲವರಲ್ಲಿ ನನಗೆ ಪರಿಚಯವಿರುವವರು ಬೆರಳೆಣಿಕೆಯಷ್ಟು ಜನ, ಅವರಲ್ಲಿ ಎಪ್ಪತ್ತು ದಾಟದವರು ಒಬ್ಬರೂ ಇಲ್ಲ. ಅವರನ್ನು ವಾರಕ್ಕೆ ಎರಡು ದಿನ ಕರೆಸಿ, ಗೌರವಧನ ಕೊಟ್ಟು, ನಾಲ್ಕೈದು ಹುಡುಗ ಹುಡುಗಿಯರಿಗೆ ಕಲಿಸಲು ಹೇಳಿದರೆ ಎರಡು ವರ್ಷದಲ್ಲಿ ತಮ್ಮ “ಮರಾಠಿ” ಫೈಲುಗಳಲ್ಲಿ ಎಷ್ಟು ಕನ್ನಡ ಅಡಗಿದೆಯೆಂದು ಗೊತ್ತಾದೀತು.

ಮನೆಯ ಕಾಗದದಲ್ಲಿ ಮರ್ಯಾದೆಯ ವಿಷಯವೂ ಇರುತ್ತದೆಂಬುದನ್ನು ಅಲ್ಲಗಳೆಯುವುದಿಲ್ಲ. ಸಾಲ, ಜಗಳ, ಸೊಸೆಯನ್ನು ತವರಿಗೆ ಕಳಿಸಿದ್ದು, ಎಲ್ಲವೂ ಇರುತ್ತವೆ. ಇಂಥ ಕಾಗದಗಳನ್ನು ಇಂತಿಷ್ಟು ವರ್ಷ ತೆರೆಯಬಾರದೆಂದು ಕುಟುಂಬ ಷರತ್ತು ಹಾಕಿದರೆ ಅದನ್ನು ರಶೀದಿಯಲ್ಲೇ ಬರೆದುಕೊಳ್ಳಿ. ಕಾಗದ ಯಾರ ಬಳಿಯಿದ್ದರೂ ಒಳಗಿನ ಬರಹದ ಹಕ್ಕು ಬರೆದವರದು, ಅವರ ವಾರಸುದಾರರದು ಎಂಬುದನ್ನು ಅಚ್ಚು ಹಾಕಿಸುವ ಮೊದಲು ಒಮ್ಮೆ ನೆನೆಯಿರಿ. ಇಷ್ಟು ಭರವಸೆ ಸಿಕ್ಕರೆ, ಈಗ ನಾಚಿ ಸುಡುವ ಕಾಗದಗಳೂ ತಮ್ಮ ಬಾಗಿಲಿಗೆ ಬಂದಾವು.

ಇವೆಲ್ಲ ಸಾವಕಾಶವಾಗಿ ಆಗಲಿ ಎನ್ನಲು ನಮ್ಮ ಜಿಲ್ಲೆಯಲ್ಲಿ ಸಮಯವಿಲ್ಲ. ಆಲಮಟ್ಟಿಯ ನೀರು 519.60 ಮೀಟರಿಗೆ ನಿಂತಾಗ ನಾವು ಹಳೆಯ ಬಾಗಲಕೋಟೆಯ ಮನೆ ಬಿಟ್ಟು ಬಂದೆವು. ಬಾಗಿಲು, ತೊಲೆ, ಜಂತಿ, ಒಳಕಲ್ಲು ಸಹ ಕಿತ್ತು ತಂದ ಜನ ಕಾಗದದ ಗಂಟನ್ನು ಮಾತ್ರ ರದ್ದಿಯವನ ತಕ್ಕಡಿಗೆ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಪರಿಹಾರಕ್ಕೆ ಬೇಕಾದ ಉತಾರ, ಖರೀದಿ ಪತ್ರಗಳನ್ನು ಆರಿಸಿಕೊಂಡು ಉಳಿದದ್ದನ್ನು ತೂಗಿಸಿದರು. ಹೊಸ ಮನೆಯಲ್ಲಿ ಅಟ್ಟವಿರಲಿಲ್ಲ, ಇಡಲು ಜಾಗವಿರಲಿಲ್ಲ, ಹಾಗಾಗಿ ಅವರನ್ನು ದೂರಲಾರೆ. ಆದರೆ ಮನೆ ಅಳೆಯಲು ಬಂದ, ಗಿಡ ಎಣಿಸಲು ಬಂದ ಅಷ್ಟೊಂದು ಕಚೇರಿಗಳ ನಡುವೆ, ನಿಮ್ಮ ಮನೆಯಲ್ಲಿ ಹಳೆಯ ಕಾಗದ ಇದೆಯೇ ಎಂದು ಕೇಳಲು ಬಂದವರು ಒಬ್ಬರೂ ಇರಲಿಲ್ಲ. 2010ರ ಕೃಷ್ಣಾ ನ್ಯಾಯಮಂಡಳಿಯ ತೀರ್ಪಿನಂತೆ ಮಟ್ಟವನ್ನು 524.256 ಮೀಟರಿಗೆ ಏರಿಸುವ ಕೆಲಸ ನಡೆದಾಗ ಇನ್ನಷ್ಟು ಹಳ್ಳಿಗಳು, ಹಳೆಯ ಬಾಗಲಕೋಟೆಯ ಉಳಿದ ಓಣಿಗಳು ಏಳಬೇಕಾಗುತ್ತದೆ. ಅಲ್ಲಿನ ಟ್ರಂಕುಗಳು ಇನ್ನೂ ಮನೆಗಳಲ್ಲೇ ಇವೆ. ತಮ್ಮ ಸಂಸ್ಥೆಗಳು ಸೇರಿ, ಒಬ್ಬ ಎಣಿಸುವವ, ಒಂದು ಸ್ಕ್ಯಾನರು, ಒಂದು ರಶೀದಿ ಪುಸ್ತಕದೊಂದಿಗೆ ಒಂದು ಗಾಡಿಯನ್ನು ಆ ಊರುಗಳಿಗೆ ಈಗಲೇ ಕಳಿಸಿ. ಮೂಲ ಕೊಡಲು ಒಪ್ಪದವರ ಕಾಗದಗಳನ್ನು ಅವರ ಪಡಸಾಲೆಯಲ್ಲೇ ಸ್ಕ್ಯಾನ್ ಮಾಡಿಕೊಂಡು ಮರಳಿ ಕೊಡಿ. ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ 2024ರಲ್ಲಿ ನೂರು ವರ್ಷ ತುಂಬಿದಾಗ ಆದ ಸಂಭ್ರಮವನ್ನು ನಾವೆಲ್ಲ ನೋಡಿದೆವು. ಆ ಅಧಿವೇಶನಕ್ಕೆ ನಡೆದು ಹೋದವನೊಬ್ಬ ದಾರಿಯಿಂದ ಮನೆಗೆ ಬರೆದ ಕಾರ್ಡು ಇಂಥದೊಂದು ಟ್ರಂಕಿನಲ್ಲಿ ಇಲ್ಲವೆಂದು ಹೇಳುವವರು ಯಾರು?

ನನ್ನ 267 ಕಾಗದಗಳನ್ನು ಮರಳಿ ಕೊಡಿರೆಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಅವು ಸಾರ್ವಜನಿಕರಿಗೆ ಸೇರಿದವು. ನನ್ನ ನೋಟುಪುಸ್ತಕದ ನಕಲನ್ನು ಆ ಸಂಸ್ಥೆಗೆ ಕೊಟ್ಟು ಬಂದಿದ್ದೇನೆ, ಅದರ ಪ್ರಕಾರ ಮತ್ತೆ ಜೋಡಿಸಲು ನಾನೇ ವಾರಕ್ಕೊಮ್ಮೆ ಬಂದು ಕೂರುತ್ತೇನೆಂದೂ ತಿಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಎರಡನೆಯ ಟ್ರಂಕೊಂದು ನಮ್ಮ ಮನೆಯಲ್ಲೇ ಮಂಚದ ಕೆಳಗಿದೆ. ಅದರಲ್ಲಿ ಅಜ್ಜನ ಕೀರ್ದಿ ಪುಸ್ತಕಗಳೂ, ಅಜ್ಜಿ ತವರಿನಿಂದ ತರಿಸಿಕೊಂಡ ಮೂವತ್ತೊಂದು ಪತ್ರಗಳೂ ಇವೆ. ಬೇವಿನೆಲೆ ಹಾಕಿ ಕಟ್ಟಿಟ್ಟಿದ್ದೇನೆ. ಎಣಿಸಿ ರಶೀದಿ ಕೊಡುವ, ಗಂಟು ಬಿಚ್ಚದೆ ಇಡುವ ಸಂಸ್ಥೆ ತಮ್ಮಲ್ಲಿ ಯಾವುದೇ ಇದ್ದರೂ ನಾನೇ ಬಸ್ಸಿನಲ್ಲಿ ತಂದು ಒಪ್ಪಿಸುತ್ತೇನೆ. ನಮ್ಮ ಹಳೆಯ ಕಾರ್ಡುಗಳ ಕೊನೆಯ ಸಾಲಿನಲ್ಲಿ ಇರುತ್ತಿದ್ದ ಮಾತನ್ನೇ ಇಲ್ಲಿ ಬರೆಯುತ್ತೇನೆ: ಪತ್ರ ಮುಟ್ಟಿದ ಕೂಡಲೆ ಉತ್ತರ ಬರೆಯುವುದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ
ಮು. ಪೋ. ನವನಗರ, ತಾ. ಜಿ. ಬಾಗಲಕೋಟೆ